ಬಾಗಿಲ ಮುಂದಿನ ಚಪ್ಪಲಿ

ಬೆಟಗೇರಿಯಲ್ಲಿ ನಿಂತುಹೋದ ಮಗ್ಗದ ಮನೆಯೊಂದರಲ್ಲಿ ನಶೆ ಬಿಟ್ಟವರ ಸಭೆ ಶುರುಮಾಡಿದವನು ಏಕನಾಥ. ತಾನೂ ನಶೆಯ ಗುಳಿಗೆ ನುಂಗಿ ಹಾಳಾಗಿ ಎದ್ದುಬಂದವನು. ಪ್ರತಿ ರವಿವಾರ ಜಮಖಾನ ಹಾಸಿ, ಮದುವೆಗೆ ಸಾಲುವಷ್ಟು ಚಹಾ ಕಾಸಿ, ಬೀದಿಯಲ್ಲಿ ಹೋಗುವ ಎಮ್ಮೆಗೂ “ಬರ್ರಿ, ಕುಂಡ್ರಿ, ನಾವ್ ನಾವಽ ಅದೀವಿ” ಎನ್ನುತ್ತಿದ್ದ. ಮೊದಲು ಬಂದವನಿಗೆ ನಾಚಿಕೆಯಾಗಬಾರದು, ಒಳಗೆ ಮಂದಿ ತುಂಬಿದ್ದಾರೆ ಅನ್ನಿಸಲಿ ಎಂದು ಓಣಿಯವರ ಹಳೆಯ ಚಪ್ಪಲಿಗಳನ್ನೆಲ್ಲ ತಂದು ಬಾಗಿಲಲ್ಲಿ ಸಾಲಾಗಿ ಇಡುತ್ತಿದ್ದ. ಅಂಜುತ್ತ ಬಂದವರು ಅವನ್ನೇ ಕಂಡು, ಗುರುತಿನವರು ಇದ್ದಾರೆಂದು ಹಿಂದಿರುಗುತ್ತಿದ್ದರು. ಈಗ ಬಾಗಿಲಲ್ಲಿ ಒಂದೇ ಜೋಡಿ ಇದೆ. ಯಾರದೆಂದು ನಾನು ಏಕನಾಥನನ್ನು ಕೇಳಿದೆ. “ನಮ್ಮ ತಮ್ಮಂದ್ರಿ. ಒಳಗ ಬರಾಕಂತ ಬಿಟ್ಟಿದ್ದ. ಅಷ್ಟು ಚಪ್ಪಲಿ ನೋಡಿ ಅಂಜಿ, ಬರಿಗಾಲಿಲೆ ಹೊಳ್ಳಿ ಓಡಿದ. ಮತ್ತ ಗುಳಿಗಿ ನುಂಗಿ ಸತ್ತ. ಒಳಗ ನಾ ಒಬ್ಬನಽ ಇದ್ನಿರಿ.”