ಗಾಡಿಗೆ ಕಿವಿ ಬಿಡುವ ಸಣ್ಣತಿಮ್ಮಪ್ಪ

ಬೆಳಗಿನ ಆರು ಗಂಟೆ. ನ್ಯಾಮತಿ ಬಸ್ ಸ್ಟ್ಯಾಂಡಿನ ಹಿಂದಿನ ಶೆಡ್ಡಿನಲ್ಲಿ ಒಂದು ನೀಲಿ ಮೆಟಡೋರ್ ವ್ಯಾನು ನಿಂತಿದೆ. ಸೀಟುಗಳೆಲ್ಲ ಹೊರಗೆ, ಬೇವಿನ ಮರದ ಕೆಳಗೆ. ವ್ಯಾನಿನ ಬಾಗಿಲಿನಿಂದ ಎರಡು ಬರಿಗಾಲು ಮಾತ್ರ ಆಚೆ ಚಾಚಿಕೊಂಡಿವೆ. ಒಳಗಿನಿಂದ ಟಣ್, ಟಣ್ ಎನ್ನುವ ಸದ್ದು ಬರುತ್ತಿದೆ. ಕಾಲುಗಳ ಯಜಮಾನರು ಸಣ್ಣತಿಮ್ಮಪ್ಪ, ವಯಸ್ಸು ನಲವತ್ತೆಂಟು. ಅಂಗಾತ ಮಲಗಿ, ಬೆರಳಿನ ಗೆಣ್ಣಿನಿಂದ ವ್ಯಾನಿನ ತಗಡನ್ನು ಅಂಗುಲ ಅಂಗುಲವಾಗಿ ಬಡಿದು ನೋಡುತ್ತಿದ್ದಾರೆ. ಟಣ್ ಎಂದ ಕಡೆ ಸೀಮೆಸುಣ್ಣದಿಂದ ಒಂದು ಗೀಟು ಎಳೆಯುತ್ತಾರೆ. ಡಬ್ ಎಂದ ಕಡೆ ಬಿಟ್ಟು ಮುಂದಕ್ಕೆ ಸರಿಯುತ್ತಾರೆ.

"ಟಣ್ ಅಂದ್ರೆ ಅದು ರೋಡಿನಾಗೆ ಅರಚ್ತೈತೆ ಅಂತ ಅರ್ಥ. ಅದ್ರ ಬಾಯಿ ಮುಚ್ಚಬೇಕು," ಎನ್ನುತ್ತಾರೆ. ಮಾತು ವ್ಯಾನಿನ ಹೊಟ್ಟೆಯೊಳಗಿಂದ ಬರುತ್ತದೆ, ಮುಖ ಇನ್ನೂ ಕಂಡಿಲ್ಲ.

ಶೆಡ್ಡಿನ ಹೊರಗೆ ಮೂರು ಕಲ್ಲಿನ ಒಲೆಯ ಮೇಲೆ ಎಣ್ಣೆ ಡಬ್ಬದಲ್ಲಿ ಟಾರು ಕುದಿಯುತ್ತಿದೆ. ಪಕ್ಕದಲ್ಲಿ ಅವರ ಹೆಂಡತಿ ದುರುಗಮ್ಮ ಕೂತು ಗೋಣಿತಟ್ಟಿನ ಮೇಲೆ ಹಳೆ ಕಂಬಳಿ ಇಟ್ಟು ದಬ್ಬಣದಿಂದ ಹೊಲಿಯುತ್ತಿದ್ದಾರೆ. ಟಾರಿನ ಹೊಗೆ ನನ್ನ ಗಂಟಲು ಹಿಡಿದು ಕೆಮ್ಮು ಬಂತು. ಆಕೆಗೆ ಕೆಮ್ಮಿಲ್ಲ. ಕೇಳಿದರೆ ನಕ್ಕು, "ಕೆಮ್ಮಿ ಕೆಮ್ಮಿ ಅದಕ್ಕೇ ಬ್ಯಾಸರಾಗಿ ಹೋತು ಕಣ್ರಿ," ಎಂದರು.

ನಿಜ ಹೇಳಿಬಿಡುತ್ತೇನೆ. ಇವರನ್ನು ಹುಡುಕಿಕೊಂಡು ನಾನು ಬಂದದ್ದು ಪರೋಪಕಾರಕ್ಕಲ್ಲ. ನಮ್ಮ ಪತ್ರಿಕೆಯ ಜೀಪಿನಲ್ಲಿ ಜಗಳೂರಿಗೆ ಹೋಗಿ ಬಂದವರಿಗೆ ಎರಡು ದಿನ ಕಿವಿಯಲ್ಲಿ ಗಿರಣಿ ನಡೆಯುತ್ತದೆ. ಅಂಥ ಒಂದು ಸಂಜೆ ಚನ್ನಗಿರಿಯಲ್ಲಿ ಒಂದು ಅಂಬಾಸಿಡರ್ ಟ್ಯಾಕ್ಸಿ ಹತ್ತಿದೆ. ಬಾಗಿಲು ಹಾಕಿದೊಡನೆ ಊರೇ ಹೊರಗೆ ಉಳಿಯಿತು. ಹಿಂದಿನಿಂದ ಹಾಡು ಬಂತು ನೋಡಿ, ಎದೆಯ ಮೂಳೆಗೆ ತಾಗುವ ಹಾಗೆ! "ಇದ್ಯಾರಪ್ಪ ಮಾಡಿದ್ದು?" ಎಂದು ಕೇಳಿದಾಗ ಡ್ರೈವರು ಹೇಳಿದ ಹೆಸರೇ ಸಣ್ಣತಿಮ್ಮಪ್ಪ. ಊರಿನ ಬೋರ್ಡಿನಲ್ಲಿ, ಅಂಗಡಿಯ ಬೋರ್ಡಿನಲ್ಲಿ ಎಲ್ಲೂ ಆ ಹೆಸರಿಲ್ಲ. ಅಂಗಡಿಗೆ ಬೋರ್ಡೇ ಇಲ್ಲ.

ಹುಟ್ಟಿದ್ದು ಉಬ್ರಾಣಿಯ ಬಡಗಿಯ ಮನೆಯಲ್ಲಿ. ನೇಗಿಲು, ಕುಂಟೆ, ಬಾಗಿಲ ಚೌಕಟ್ಟು ಮಾಡುತ್ತಾ ಬೆಳೆದವರು ಎಪ್ಪತ್ತೆರಡರಲ್ಲಿ ಹೊನ್ನಾಳಿಗೆ ಬಂದ ಒಂದು ಟೆಂಟ್ ಸಿನಿಮಾದ ಮುರಿದ ಸ್ಪೀಕರ್ ಪೆಟ್ಟಿಗೆ ರಿಪೇರಿಗೆ ಹೋದರು. ಹಲಗೆ ಬಡಿದು ವಾಪಸ್ ಬರಬೇಕಾದವರು ಏಳು ವರ್ಷ ಟೆಂಟಿನ ಜೊತೆಗೇ ಊರೂರು ಸುತ್ತಿದರು. ಪೆಟ್ಟಿಗೆ ದೊಡ್ಡದಾದರೆ ಸದ್ದು ಹೆಂಗೆ ಭಾರವಾಗುತ್ತದೆ, ಮುಂದೆ ಒಂದು ತೂತು ಬಿಟ್ಟರೆ ಗುಂ ಎನ್ನುವುದು ಹೆಂಗೆ ಆಚೆ ಬರುತ್ತದೆ, ಎಲ್ಲ ಕಲಿತದ್ದು ಅಲ್ಲಿ. ಹೇಳಿಕೊಟ್ಟವರು ಯಾರೂ ಇಲ್ಲ. "ಟೆಂಟಿನೋರಿಗೆ ಅದು ಬೇಕಾಗಿರ್ಲಿಲ್ಲ. ನಂಗೆ ಹುಚ್ಚು ಹಿಡೀತು ಅಷ್ಟೇ."

ಟೆಂಟು ಮುಚ್ಚಿತು. ಎಂಬತ್ತರ ಆಸುಪಾಸಿನಲ್ಲಿ ಟ್ಯಾಕ್ಸಿಗಳಿಗೆ ಕ್ಯಾಸೆಟ್ ಟೇಪ್ ರೆಕಾರ್ಡರ್ ಬಂತು. ತಗಡು ಕಡಕಡ ಎನ್ನುವ ಕಾರಿನಲ್ಲಿ ಹಾಡು ಹಾಕಿದರೆ ಕೇಳುವುದೇನು? ಮೊದಲು ಕಾರಿನ ಬಾಯಿ ಮುಚ್ಚಬೇಕು, ಆಮೇಲೆ ಹಾಡಿನ ಬಾಯಿ ಬಿಡಿಸಬೇಕು. ಹೀಗೆ ಶುರುವಾದದ್ದು ಇವರ ಕಸುಬು. ಬಿಸಿ ಟಾರು ಬಳಿದು, ಅದರ ಮೇಲೆ ಗೋಣಿತಟ್ಟು ಒತ್ತಿ, ಅದರ ಮೇಲೆ ಕಂಬಳಿ, ಎಲ್ಲಕ್ಕೂ ಮೇಲೆ ರೆಕ್ಸಿನ್. ಕಂಬಳಿ ಬರುವುದು ದುರುಗಮ್ಮನ ತವರು ಜಗಳೂರಿನ ಕಡೆಯಿಂದ. ಹೊಸದಲ್ಲ, ಕುರಿ ಕಾಯುವವರು ಹೊದ್ದು ಹೊದ್ದು ಬಿಟ್ಟದ್ದು. "ಹೊಸ ಕಂಬ್ಳಿ ಬಿರುಸು. ಮಳೆ ಬಿಸ್ಲು ಕಂಡ ಕಂಬ್ಳಿನೇ ಸದ್ದು ಕುಡಿಯಾದು," ಎಂಬುದು ಆಕೆಯ ಅನುಭವ.

ಒಂದು ಅಂಬಾಸಿಡರಿಗೆ ಹನ್ನೊಂದು ಕಂಬಳಿ, ಹದಿನೆಂಟು ಗೋಣಿಚೀಲ, ಎರಡು ಡಬ್ಬ ಟಾರು, ಆರು ದಿನದ ಕೆಲಸ. ಮೆಟಡೋರ್ ಆದರೆ ಇದರ ಎರಡರಷ್ಟು. ಹಾಡಿನ ಪೆಟ್ಟಿಗೆಗೆ ಇನ್ನೆರಡು ದಿನ. ಪೆಟ್ಟಿಗೆ ಮುಗಿದ ಮೇಲೆ ಅದರ ನೆತ್ತಿಯ ಮೇಲೆ ಒಂದು ಹಿಡಿ ರಾಗಿ ಚೆಲ್ಲಿ ಹಾಡು ಹಾಕುತ್ತಾರೆ. ಕಾಳು ಕುಣಿದ ಕಡೆ ಹಲಗೆ ಸಡಿಲ, ಒಳಗಿನಿಂದ ಪಟ್ಟಿ ಹೊಡೆಯಬೇಕು. ಹಾಡು ಎದೆ ಗುದ್ದುತ್ತಿರಬೇಕು, ಕಾಳು ಮಾತ್ರ ಮಿಸುಕಬಾರದು. ಇಷ್ಟು ವರ್ಷದಲ್ಲಿ ಇಂಥ ಪೆಟ್ಟಿಗೆ ನೂರಾ ನಲವತ್ತು ಮಾಡಿದ್ದಾರೆ. ಸ್ವಂತಕ್ಕೆ ಒಂದೂ ಇಲ್ಲ, ಹಾಕಲು ಗಾಡಿಯೂ ಇಲ್ಲ.

"ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ," ಎಂದು ಕರಿ ಹಿಡಿದ ಅಂಗೈ ತೋರಿಸುತ್ತಾರೆ. "ನಂದು ಟಾರಾತು. ಮೊಸ್ರು ಇನ್ನೂ ಹೆಪ್ಪಾಕಿಲ್ಲ ಅಂತ ಕಾಣ್ತೈತೆ." ನಗುತ್ತಾರೆ, ಆದರೆ ಆ ನಗು ಕಣ್ಣಿನವರೆಗೆ ಹೋಗುವುದಿಲ್ಲ. ಮನುಷ್ಯ ದಣಿದಿದ್ದಾರೆ. ಬೆನ್ನು ನೆಟ್ಟಗಾಗಲು ಗೋಡೆ ಹಿಡಿಯಬೇಕು.

ಈ ನೀಲಿ ವ್ಯಾನು ಎರಡು ತಿಂಗಳಲ್ಲಿ ಬಂದ ಮೊದಲ ಕೆಲಸ. ದಾವಣಗೆರೆಯ ಅಂಗಡಿಗಳಲ್ಲಿ ಈಗ ರೆಡಿಮೇಡ್ ಸ್ಪಂಜು ಬಂದಿದೆ, ಒಂದೇ ಮಧ್ಯಾಹ್ನದಲ್ಲಿ ಅಂಟಿಸಿ ಕಳಿಸುತ್ತಾರೆ. ವ್ಯಾನಿನ ಮಾಲೀಕರು ಸಂತೇಬೆನ್ನೂರಿನವರು. ಹೆಸರು ಬರೆಯಬೇಡಿ ಎಂದು ಸಣ್ಣತಿಮ್ಮಪ್ಪನವರೇ ಕೇಳಿಕೊಂಡಿದ್ದರಿಂದ ಮಾಲೀಕರು ಎಂದೇ ಕರೆಯುತ್ತೇನೆ. ಮದುವೆ ದಿಬ್ಬಣಕ್ಕೆ ಬಿಡುವ ವ್ಯಾನು. ಇದು ಚೆನ್ನಾಗಿ ಬಂದರೆ ಅವರ ಇನ್ನೆರಡು ಗಾಡಿಯೂ ಇಲ್ಲಿಗೇ ಬರುತ್ತವೆ, ಒಂದು ವರ್ಷದ ಮಟ್ಟಿಗೆ ಶೆಡ್ಡು ಉಳಿಯುತ್ತದೆ. "ಇದು ಕೈತಪ್ಪಿದ್ರೆ ಬೀಗ ಹಾಕಿ ಬಾಗ್ಲು ಕಿಟಕಿ ಮಾಡಾಕೆ ಹೋಗ್ತೀನಿ ಸಾರ್. ಇನ್ನೇನು ಮಾಡ್ಲಿ?"

ಕೈತಪ್ಪುವ ಭಯಕ್ಕೆ ಕಾರಣವಿದೆ. ಡ್ರೈವರ್ ಕಾಲಿಡುವ ಜಾಗದಲ್ಲಿ, ಪೆಡಲುಗಳ ಪಕ್ಕ, ಅಂಗೈ ಅಗಲದ ತಗಡನ್ನು ಸಣ್ಣತಿಮ್ಮಪ್ಪ ಮುಚ್ಚುವುದೇ ಇಲ್ಲ. ಟಾರಿಲ್ಲ, ಕಂಬಳಿ ಇಲ್ಲ, ಬರೀ ತಗಡು. ಇದಕ್ಕೆ ಅವರು ಇಟ್ಟಿರುವ ಹೆಸರು ಕಿವಿ. ಗಿರಾಕಿಗಳಿಗೆ ಇದನ್ನು ಕಂಡರೆ ಮೈಯೆಲ್ಲ ಉರಿ. ಅರಿವೆ ಹೊಲಿಸಿ ಒಂದು ತೂತು ಬಿಟ್ಟಂಗೆ ಎನ್ನುತ್ತಾರೆ. ಎಷ್ಟೋ ಗಾಡಿ ಈ ಒಂದು ಕಾರಣಕ್ಕೆ ದಾವಣಗೆರೆಗೆ ಹೋಗಿವೆ.

ಯಾಕೆ ಬಿಡುತ್ತೀರಿ ಎಂದು ಕೇಳಿದೆ. ಅವರು ಮತ್ತೆ ತಗಡು ಬಡಿಯತೊಡಗಿದರು. ದುರುಗಮ್ಮ ದಬ್ಬಣ ನಿಲ್ಲಿಸಿ, "ಹೇಳ್ರಿ, ಪೇಪರ್‌ನೋರು ಅಷ್ಟು ದೂರದಿಂದ ಬಂದಾರೆ," ಎಂದರು.

ಎಂಬತ್ತನಾಲ್ಕರಲ್ಲಿ ಚನ್ನಗಿರಿಯ ಟ್ಯಾಕ್ಸಿ ಡ್ರೈವರ್ ನಾಗೇಂದ್ರಪ್ಪ ತಮ್ಮ ಅಂಬಾಸಿಡರ್ ತಂದರು. ಒಳಗೆ ಕೂತರೆ ಗರ್ಭಗುಡಿಯಂತಿರಬೇಕು ಎಂದರು. ಸಣ್ಣತಿಮ್ಮಪ್ಪನಿಗೂ ಹುರುಪು. ಎರಡೆರಡು ಪದರ ಟಾರು, ಚಕ್ರದ ಮೇಲಿನ ತಗಡಿಗೂ ಕಂಬಳಿ, ಒಂದು ಬೆರಳಿನಷ್ಟೂ ಬಿಡಲಿಲ್ಲ. ಅಂಥ ಕೆಲಸ ಅದಕ್ಕೂ ಮುಂಚೆ ಮಾಡಿರಲಿಲ್ಲ, ಆಮೇಲೂ ಮಾಡಿಲ್ಲ. ಹದಿನೈದನೇ ದಿನ ಉಬ್ರಾಣಿ ರಸ್ತೆಯಲ್ಲಿ ಮುಂದಿನ ಎಡ ಚಕ್ರದ ಬೇರಿಂಗ್ ಒಣಗಿ ಕಿರುಚತೊಡಗಿತು. ಒಳಗೆ ಹಾಡು ನಡೆಯುತ್ತಿತ್ತು. ಚಕ್ರ ಕಳಚಿ ಕಾರು ಚರಂಡಿಗೆ ಉರುಳಿತು. ಪುಣ್ಯಕ್ಕೆ ಜೀವ ಹೋಗಲಿಲ್ಲ. ನಾಗೇಂದ್ರಪ್ಪನ ಬಲಗಾಲು ಎರಡು ಕಡೆ ಮುರಿಯಿತು.

"ರಸ್ತೆ ಪಕ್ಕ ಕಳೆ ತೆಗೀತಿದ್ದ ಓಬವ್ವ ಅನ್ನೋ ಅಜ್ಜಿ ಹೇಳಿದ್ಲು ಸಾರ್. ಅರ್ಧ ಮೈಲಿಯಿಂದ ಕೂಗ್ಕೊಂತ ಬರ್ತಿತ್ತಪ್ಪ ನಿಮ್ ಕಾರು, ನಾವೆಲ್ಲ ಎದ್ದು ನಿಂತು ನೋಡಿದ್ವಿ, ಒಳಗಿದ್ದೋರಿಗೆ ಹೆಂಗೆ ಕೇಳ್ಲಿಲ್ಲ ಅಂತ." ಸಣ್ಣತಿಮ್ಮಪ್ಪ ಇಷ್ಟು ಹೇಳಿ ಮುಖ ತಿರುಗಿಸುತ್ತಾರೆ. "ನಾನೇ ಕೇಳದಂಗೆ ಮಾಡಿದ್ದು."

ನಾಗೇಂದ್ರಪ್ಪ ಈಗ ಚನ್ನಗಿರಿಯ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಗಾಡಿಗಳಿಗೆ ಬಾಡಿಗೆ ಹಿಡಿದುಕೊಡುತ್ತಾರೆ. ಸ್ಟೇರಿಂಗ್ ಮುಟ್ಟುವುದಿಲ್ಲ. ಅವರನ್ನೂ ಕಂಡು ಬಂದೆ. ಕಾಲು ನೀವಿಕೊಳ್ಳುತ್ತ, "ಗ್ರೀಸ್ ನೋಡ್ಬೇಕಾದೋನು ನಾನು. ಅವಂದೊಬ್ಬಂದೇ ತಪ್ಪು ಅನ್ನಾಕೆ ನನ್ನ ನಾಲ್ಗೆ ಹೊರಳಲ್ಲ," ಎಂದರು. ಹಾಗಾದರೆ ಯಾಕೆ ಒಮ್ಮೆಯೂ ನ್ಯಾಮತಿಗೆ ಹೋಗಿಲ್ಲ ಎಂದು ಕೇಳಿದೆ. "ಆ ಶೆಡ್ಡಿನಾಗೆ ಎಷ್ಟು ಖುಷಿಯಾಗಿ ಕುಂತಿದ್ದೆ ಅಂತ ನೆನಪಾಗ್ತೈತೆ. ಅದು ಬ್ಯಾಡ."

ಎರಡು ವಾರ ಕಳೆದು, ವ್ಯಾನಿನ ಕೆಲಸ ಮುಗಿಯುವ ದಿನ ಮತ್ತೆ ನ್ಯಾಮತಿಗೆ ಹೋದೆ. ಮಧ್ಯಾಹ್ನ ನಾಲ್ಕಕ್ಕೆ ಮಾಲೀಕರು ಬರುತ್ತಾರೆ. ಅಷ್ಟರಲ್ಲಿ ಕೊನೆಯ ರೆಕ್ಸಿನ್ ಬಡಿದು, ಸೀಟು ಕೂರಿಸಿ ಆಗಿದೆ. ಹಾಡು ಹಾಕುತ್ತಾರೆ, ಮಾಲೀಕರ ಮುಖ ಅರಳುತ್ತದೆ. "ಭೇಷ್!" ಎಂದು ಪೆಟ್ಟಿಗೆ ತಟ್ಟುತ್ತಾರೆ. ಆಮೇಲೆ ಬಗ್ಗಿ ನೋಡುತ್ತಾರೆ, ಕಿವಿ ಕಾಣುತ್ತದೆ.

"ಇದೇನ್ರೀ, ಇಷ್ಟು ಮಾಡಿ ಇದನ್ನ ಹಿಂಗೆ ಬಿಟ್ಟೀರಿ?"

"ಅದು ಇರ್ಲಿ ಯಜಮಾನ್ರೆ. ಗಾಡಿ ಏನಾದ್ರೂ ಹೇಳಿದ್ರೆ ಡ್ರೈವರಿಗೆ ಕೇಳ್ಬೇಕಲ್ಲ. ಬರ್ರಿ, ಒಂದು ಸುತ್ತು ಹೋಗಿ ಬರೋಣ."

ಮೂವರೂ ಹೊನ್ನಾಳಿ ರಸ್ತೆಯಲ್ಲಿ ಹೊರಡುತ್ತೇವೆ. ಮಾಲೀಕರದೇ ಸ್ಟೇರಿಂಗು. ಸಣ್ಣತಿಮ್ಮಪ್ಪ ಮುಂದಿನ ಸೀಟಿನಿಂದ ಬಗ್ಗಿ ಆ ಬರಿ ತಗಡಿನ ಮೇಲೆ ಅಂಗೈ ಊರಿದ್ದಾರೆ. ಎರಡು ಮೈಲಿ ಹೋಗಿರಬೇಕು, ಅವರ ಹುಬ್ಬು ಗಂಟಿಕ್ಕುತ್ತದೆ. ಹಾಡು ನಿಲ್ಲಿಸಲು ಹೇಳುತ್ತಾರೆ. ನನಗೇನೂ ಕೇಳಿಸುವುದಿಲ್ಲ. ಅವರು ನನ್ನ ಕೈ ಹಿಡಿದು ತಗಡಿನ ಮೇಲೆ ಇಡುತ್ತಾರೆ. ಆಗ ಸಣ್ಣಗೆ, ಹಲ್ಲು ಕಡಿಯುವಂಥ ನಡುಕವೊಂದು ಬೆರಳಿಗೆ ಸಿಗುತ್ತದೆ.

"ಬಲಗಡೆ ಮುಂದಿನ ಚಕ್ರ. ಬೇರಿಂಗ್ ಹೋಗೈತೆ. ಇವತ್ತೇ ಬಿಚ್ಚಿಸ್ರಿ."

ಮಾಲೀಕರು ಗಾಡಿ ನಿಲ್ಲಿಸಿ ಇಬ್ಬರನ್ನೂ ನೋಡುತ್ತಾರೆ. "ಇಲ್ಲಿಗೆ ತಂದು ಬಿಡೋ ಮುಂಚೆನೇ ಸರ್ವೀಸ್ ಮಾಡಿಸಿದೀನಿ. ತೂತು ಬಿಟ್ಟಿದ್ದಕ್ಕೆ ಒಂದು ನೆಪ ಬೇಕಾತು ನಿಮಗೆ, ಪೇಪರ್‌ನೋರು ಬೇರೆ ಎದುರಿಗವ್ರೆ. ಚೆನ್ನಾಗೈತೆ ನಾಟ್ಕ!"

"ನೀವೂ ಕೈ ಇಟ್ಟು ನೋಡ್ರಿ."

ಅವರು ಕೈ ಇಡಲಿಲ್ಲ. ನಾನೂ ಹೇಳಿದೆ, ನನ್ನ ಮಾತೂ ನಾಟಕದ ಪಾಲಾಯಿತು. ವಾಪಸ್ ಬಂದು ಶೆಡ್ಡಿನ ಮುಂದೆ ನಿಂತು ಮಾಲೀಕರು ಕೊನೆಯ ಸಲ ಕೇಳುತ್ತಾರೆ: "ಈಗ್ಲೇ ಮುಚ್ಚಿ ಕೊಡ್ತೀರಾ? ಕೊಟ್ರೆ ಉಳಿದ ಎರಡು ಗಾಡಿನೂ ನಾಳೇನೇ ಕಳಿಸ್ತೀನಿ." ಟಾರು ಇನ್ನೂ ಬಿಸಿಯಾಗಿದೆ. ದುರುಗಮ್ಮನ ಕೈಯಲ್ಲಿ ಅಷ್ಟಗಲದ ಕಂಬಳಿ ತುಂಡೂ ಇದೆ. ಆಕೆ ಗಂಡನ ಮುಖ ನೋಡುತ್ತಾರೆ. ಮುಚ್ಚಿಬಿಡಿ ಮಾರಾಯ್ರೇ ಎಂದು ನನಗೇ ಒಂದು ಗಳಿಗೆ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

"ನನ್ನ ಕೈಲಾಗಲ್ಲ ಯಜಮಾನ್ರೆ."

"ಹಂಗಾದ್ರೆ ದಾವಣಗೆರೆಯಾಗೆ ಮುಚ್ಚಿಸ್ಕೊಂತೀನಿ ಬಿಡ್ರಿ." ವ್ಯಾನು ಹೋಗುತ್ತದೆ. ಒಳಗೆ ಹಾಡು ಜೋರಾಗಿರಬೇಕು, ಹೊರಗೆ ನಿಂತ ನಮಗೆ ಅದರ ಒಂದಕ್ಷರವೂ ಕೇಳುವುದಿಲ್ಲ. ಕೆಲಸ ಅಷ್ಟು ಅಚ್ಚುಕಟ್ಟು.

ಸಣ್ಣತಿಮ್ಮಪ್ಪ ಕಲ್ಲಿನ ಮೇಲೆ ಕುಕ್ಕರಿಸಿ ಕೂರುತ್ತಾರೆ. ಎರಡು ವಾರ ಮಲಗಿ, ಬಗ್ಗಿ, ಟಾರು ಬಳಿದ ಮೈ. ಬೈಯುತ್ತಾರೆ, ಅಳುತ್ತಾರೆ ಎಂದು ಕಾದೆ. ಅವರು ಕೇಳಿದ್ದು ಬೇರೆ. "ನಿಮ್ ಪೇಪರು ಯಾವತ್ತು ಬರ್ತೈತೆ ಸಾರ್?"

"ಪುರವಣಿ ಭಾನುವಾರಕ್ಕೆ."

"ಇವತ್ತು ಬುಧವಾರ. ಮದುವಿ ದಿಬ್ಬಣ ಸೋಮವಾರ ಅಂದಿದ್ರು." ಬೆರಳು ಮಡಿಸುತ್ತಾರೆ. "ದಿಬ್ಬಣದೋರು ಪೇಪರ್ ನೋಡ್ತಾರೋ ಇಲ್ವೋ," ಎಂದು ತಲೆ ಅಲ್ಲಾಡಿಸುತ್ತಾರೆ. ಎದ್ದು ಒಳಗೆ ಹೋಗಿ ಒಂದು ಚೀಲಕ್ಕೆ ಸ್ಪ್ಯಾನರು, ಗ್ರೀಸಿನ ಡಬ್ಬ ತುಂಬುತ್ತಾರೆ. ಐದೂಕಾಲಿಗೆ ಹೊನ್ನಾಳಿ ಬಸ್ಸಿದೆ, ಅಲ್ಲಿಂದ ಬಸ್ಸು ಬದಲಿಸಿ ಸಂತೇಬೆನ್ನೂರು. ಮಾಲೀಕರು ಬಿಚ್ಚಲು ಬಿಡದಿದ್ದರೆ ಓಡಿಸುವ ಡ್ರೈವರನ್ನಾದರೂ ಹಿಡಿದು ಹೇಳಿ ಬರುವುದಂತೆ. ನನಗೆ ಸಿಟ್ಟೇ ಬಂತು. ಅನ್ನ ಕಿತ್ತುಕೊಂಡವನ ಮನೆ ಬಾಗಿಲಿಗೆ ಯಾರಾದರೂ ಚಾಕರಿ ಮಾಡಲು ಹೋಗುತ್ತಾರೆಯೇ?

"ಅವ್ರ ಮನೀಗಲ್ಲ ಸಾರ್ ನಾನು ಹೋಗ್ತಿರೋದು. ದಿಬ್ಬಣದಾಗೆ ಹೆಂಗಸ್ರು ಮಕ್ಳು ಇರ್ತಾರೆ. ಸದ್ದಡಗಿಸಿದ್ದು ನನ್ನ ಕೈ ಅಲ್ವಾ."

ದುರುಗಮ್ಮ ಎರಡು ರೊಟ್ಟಿ, ಚಟ್ನಿಪುಡಿ ಕಟ್ಟಿಕೊಡುತ್ತಾರೆ. "ಬೈಸ್ಕೊಳ್ಳಾಕೂ ಹೊಟ್ಟೆ ತುಂಬಿರ್ಬೇಕು," ಎಂದು ಗೊಣಗುತ್ತಾರೆ. ಬೇಡ ಎನ್ನುವುದಿಲ್ಲ.

ಬಸ್ಸಿನ ಮೆಟ್ಟಿಲ ಮೇಲೆ ನಿಂತವರನ್ನು ಕೊನೆಯದಾಗಿ ಕೇಳಿದೆ, ನಿಮ್ಮ ಬಗ್ಗೆ ಪತ್ರಿಕೆಯಲ್ಲಿ ಏನು ಬರೆಯಲಿ ಎಂದು. ಕಂಡಕ್ಟರ್ ಸೀಟಿ ಊದಿ ಆಗಿತ್ತು. ಅವರು ಬಗ್ಗಿ, ಬಸ್ಸಿನ ಸದ್ದಿಗೆ ದನಿ ಏರಿಸಿ ಹೇಳಿದರು:

"ನನ್ನ ಹೆಸರು ಬಿಟ್ರೂ ಬಿಡ್ರಿ ಸಾರ್. ಆ ವ್ಯಾನಿನ ನಂಬರ್ ಮಾತ್ರ ತಪ್ಪಿಲ್ದಂಗೆ ಹಾಕ್ರಿ."