ತಂಗಿಯ ತಲೆಯ ಸ್ಕ್ಯಾನಿಗೆಂದು ಚಾಮರಾಜನಗರಕ್ಕೆ

ಹಂಗಳದಿಂದ ಬೆಳಗಿನ ಏಳರ ಬಸ್ಸು ಹಿಡಿದೆವು, ನಾನು ಮತ್ತು ನನ್ನ ತಂಗಿ ನಾಗಮಣಿ. ಬಂಡೀಪುರದ ಕಡೆಯ ಮಂಜು ಇನ್ನೂ ರಸ್ತೆ ಬಿಟ್ಟಿರಲಿಲ್ಲ. ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ದುಡ್ಡಿಲ್ಲ, ಆಧಾರ್ ಕಾರ್ಡು ಮರೆಯಬೇಡಿ. ಗುಂಡ್ಲುಪೇಟೆಯಲ್ಲಿ ಇಳಿದು ಬಸ್ಸು ಬದಲಿಸಬೇಕು. ತಿಂಡಿಯನ್ನೂ ಅಲ್ಲೇ ಮುಗಿಸುವುದು ಒಳ್ಳೆಯದು. ನಾನು ಎರಡು ಪ್ಲೇಟು ಇಡ್ಲಿ ಹೇಳಿದೆ. ಅವಳು ಒಂದು ಇಡ್ಲಿಯನ್ನು ಮುರಿದು ಮುರಿದು ಹಾಗೇ ಬಿಟ್ಟಳು.

ನಾಗಮಣಿ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದವಳು. ಎರಡು ವರ್ಷದಿಂದ ಖಿನ್ನತೆ. ಕೆಲಸ ಬಿಟ್ಟಳು, ಮಾತು ಬಿಟ್ಟಳು. ಮೂವರು ಡಾಕ್ಟರು, ಮೂರು ಬಗೆಯ ಮಾತ್ರೆ ಆದವು, ಯಾವುದೂ ನಾಟಲಿಲ್ಲ. ಅಷ್ಟರಲ್ಲಿ ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದೆ: ಮಿದುಳನ್ನು ಸ್ಕ್ಯಾನ್ ಮಾಡಿದರೆ ಯಾರಿಗೆ ಯಾವ ಮಾತ್ರೆ ಹಿಡಿಯುತ್ತದೆಂದು ಮೊದಲೇ ಹೇಳಬಹುದಂತೆ. ತರಕಾರಿ ಲೋಡು ಕೊಂಡು ಕೇರಳಕ್ಕೆ ಕಳಿಸುವವನು ನಾನು; ಮಾಲನ್ನು ಒಳಗೆ ನೋಡದೆ ಮಾತಾಡುವುದಿಲ್ಲ. ಇದು ನನಗೆ ಸರಿ ಕಂಡಿತು. ಅವಳನ್ನು ಒಪ್ಪಿಸಲು ಹದಿನೈದು ದಿನ ಹಿಡಿಯಿತು.

"ಇದೇ ಕೊನೆ ಕಣಣ್ಣ. ಇದಾದ್ಮೇಲೆ ನನ್ನ ಎಲ್ಲೂ ಕರ್ಕೊಂಡೋಗ್ಬೇಡ," ಅಂದಿದ್ದಳು.

ಗುಂಡ್ಲುಪೇಟೆಯಿಂದ ತೆರಕಣಾಂಬಿ ಮೇಲೆ ಚಾಮರಾಜನಗರಕ್ಕೆ ಮೂವತ್ತೈದು ಕಿಲೋಮೀಟರಿನಷ್ಟು, ಒಂದು ಗಂಟೆ. ಎರಡೂ ಕಡೆ ಅರಿಸಿನದ ಹೊಲ. ಒಬ್ಬ ಹೆಂಗಸು ಸೀಟು ಕೇಳಿದಾಗ ನಾಗಮಣಿ ಮಾತಾಡದೆ ಎದ್ದು ನಿಂತಳು. ಸರಿದು ಕೂತರೆ ಇಬ್ಬರಿಗೂ ಆಗುತ್ತಿತ್ತು.

ಸ್ಕ್ಯಾನ್ ಸೆಂಟರಿನಲ್ಲಿ ಮೊದಲು ರೇಟು ಕೇಳಿದೆ. ಇನ್ನೂ ಇಬ್ಬರನ್ನು ಕಳಿಸುತ್ತೇನೆ, ಕಡಿಮೆ ಮಾಡಿ ಅಂದೆ. ಕೌಂಟರಿನವನು ನಗದೆ, "ಅರ್ಧ ರೇಟಿಗೆ ಅರ್ಧ ತಲೆ ತೆಗ್ದುಕೊಡ್ಲಾ ಯಜಮಾನ್ರೇ?" ಅಂದ. ಡಾಕ್ಟರ ಚೀಟಿ ಇಲ್ಲದೆ ಮಾಡುವುದಿಲ್ಲವೆಂದು ಮಾನಸಿಕ ರೋಗದ ಡಾಕ್ಟರ ಬಳಿಗೆ ಕಳಿಸಿದ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಎರಡು ಗಂಟೆ ಕಾದ ಮೇಲೆ ನಮ್ಮ ಸರದಿ ಬಂತು. ನನ್ನ ವಿಡಿಯೋವನ್ನು ಕೊನೆಯವರೆಗೂ ನೋಡಿದರು. ಸುಳ್ಳಲ್ಲ ಅಂದರು. ಮಾತ್ರೆ ನಾಟಿದವರ ಮತ್ತು ನಾಟದವರ ಮಿದುಳನ್ನು ಹೋಲಿಸಿದ್ದಾರೆ, ಹಣೆಯ ಹಿಂದಿನ ಭಾಗ, ನೆನಪಿಗೂ ಭಯಕ್ಕೂ ಸಂಬಂಧಪಟ್ಟ ಒಳಭಾಗ, ಇವುಗಳ ಗಾತ್ರದಲ್ಲಿ, ಕೆಲಸದಲ್ಲಿ ವ್ಯತ್ಯಾಸ ಕಂಡಿದೆ. ಆದರೆ ಅದು ತುಂಬಾ ಜನರನ್ನು ಒಟ್ಟು ಸೇರಿಸಿ ನೋಡಿದಾಗ ಮಾತ್ರ. ಎದುರಿಗೆ ಕೂತ ಒಬ್ಬರ ಸ್ಕ್ಯಾನ್ ನೋಡಿ ಈ ಮಾತ್ರೆ ಆಗುತ್ತೆ, ಇದು ಆಗಲ್ಲ ಅನ್ನುವಷ್ಟು ಇನ್ನೂ ಬಂದಿಲ್ಲ.

ನಾನು ಬಿಡಲಿಲ್ಲ. ನಾಲ್ಕು ಕ್ರೇಟು ಬಿಚ್ಚಿದರೆ ಇಡೀ ಲೋಡಿನ ಗುಣ ಹೇಳುತ್ತೇನೆ ಅಂದೆ.

"ನಮ್ದು ಉಲ್ಟಾ ಯಜಮಾನ್ರೇ. ಲೋಡಿನ ಗುಣ ಸ್ವಲ್ಪ ಗೊತ್ತು. ಕೈಲಿರೋ ಒಂದು ಹಣ್ಣಿನದು ಗೊತ್ತಿಲ್ಲ," ಅಂದು ಹಳೆಯ ಚೀಟಿಗಳನ್ನು ಕೇಳಿದರು. ಒಂದೊಂದು ಮಾತ್ರೆ ಎಷ್ಟು ದಿನ ಕೊಟ್ಟಿರಿ?

ನಾನು ಹೆಮ್ಮೆಯಿಂದಲೇ ಹೇಳಿದೆ. ಮೊದಲನೆಯದು ಹದಿನಾಲ್ಕು ದಿನ, ಎರಡನೆಯದು ಹದಿನೆಂಟು, ಮೂರನೆಯದು ಹತ್ತು. ಗುಣ ಕಾಣದ ಮಾಲನ್ನು ಇಟ್ಟುಕೊಳ್ಳುವವನಲ್ಲ ನಾನು. ಮಿಕ್ಕ ಶೀಟುಗಳನ್ನು ಅಂಗಡಿಗೇ ವಾಪಸ್ ಕೊಟ್ಟು ಡಾಕ್ಟರನ್ನೇ ಬದಲಿಸಿದ್ದೆ.

ಅವರು ಪೆನ್ನು ಕೆಳಗಿಟ್ಟರು. ಈ ಮಾತ್ರೆಗಳು ನಾಟಿದವೋ ಇಲ್ಲವೋ ತಿಳಿಯಲು ಐದಾರು ವಾರ ಬೇಕಂತೆ. "ಮೂರೂ ಕೆಲಸ ಮಾಡ್ಲಿಲ್ಲ ಅಂತ ಹೇಳಕ್ಕಾಗಲ್ಲ. ಒಂದನ್ನೂ ನೀವು ಪೂರ್ತಿ ಕೊಟ್ಟೇ ಇಲ್ಲ."

ನಾಗಮಣಿ ಅಂದು ಮೊದಲ ಸಲ ಬಾಯಿ ತೆರೆದಳು. ನನ್ನ ಕಡೆ ತಿರುಗಲಿಲ್ಲ, ಡಾಕ್ಟರಿಗೇ ಹೇಳಿದಳು. "ಎರಡ್ನೇದ್ರಲ್ಲಿ ಒಸಿ ನಿದ್ದೆ ಬತ್ತಿತ್ತು. ಇನ್ನೊಂದ್ ವಾರ ನೋಡನ ಅಂದೆ. ಅಣ್ಣ ವಾಪಸ್ ಕೊಟ್ಬುಟ್ಟಿದ್ದ."

ಅಂದಿದ್ದಳು, ನಿಜ. ಅಂಗಡಿಯವನು ತಕರಾರಿಲ್ಲದೆ ವಾಪಸ್ ತೆಗೆದುಕೊಂಡನೆಂದು ಆವತ್ತು ನಾನು ಖುಷಿಯಲ್ಲಿದ್ದೆ.

ಸ್ಕ್ಯಾನ್ ಆಗಲಿಲ್ಲ. ಅದೇ ಎರಡನೆಯ ಮಾತ್ರೆಯನ್ನು ಬರೆದುಕೊಟ್ಟರು. ಈ ಸಲ ನಾಟುತ್ತದಾ ಅಂತ ಕೇಳಿದೆ. ಗೊತ್ತಿಲ್ಲ ಅಂದರು, ಆರು ವಾರ ಬಿಟ್ಟು ಕರೆದುಕೊಂಡು ಬನ್ನಿ ಅಂದರು. ನಾಗಮಣಿ ಆಗಲೇ ಎದ್ದು ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು.

ನಿಮ್ಮ ಮನೆಯಲ್ಲೂ ಇಂಥವರಿದ್ದರೆ ಮೊದಲ ದಿನವೇ ಕೇಳಿಕೊಳ್ಳಿ, ಎಷ್ಟು ವಾರ ಕಾಯಬೇಕು ಅಂತ. ನುಂಗುವವರನ್ನೂ ಕೇಳಿ. ನಾನು ಇವೆರಡನ್ನು ಬಿಟ್ಟು ಮಿಕ್ಕಿದ್ದೆಲ್ಲ ಕೇಳಿದ್ದೆ.

ವಾಪಸ್ ಬರುವಾಗ ಬಿಸಿಲು ಜೋರಿತ್ತು. ಗುಂಡ್ಲುಪೇಟೆಯಲ್ಲಿ ಎಳನೀರು ಕೊಡಿಸಿದೆ, ಪೂರ್ತಿ ಕುಡಿದಳು. ಅಷ್ಟಕ್ಕೇ ನನಗೆ ಧೈರ್ಯ ಬಂತು. ಹಂಗಳದಲ್ಲಿ ಇಳಿದ ಮೇಲೆ ಮಾತ್ರೆಯ ಪೊಟ್ಟಣ ಅವಳ ಕೈಗಿಟ್ಟು, "ಈ ಸಲ ಪೂರ್ತಿ ನೋಡನ ಕಣಮ್ಮಿ. ನುಂಗ್ತೀಯ ತಾನೇ?" ಅಂದೆ.

"ಕೊಟ್ರೆ ನುಂಗ್ತೀನಿ. ಬ್ಯಾಡ ಅನ್ನಕ್ಕೂ ಶಕ್ತಿ ಇಲ್ಲ," ಅಂದಳು. ಆಮೇಲೆ, ಕೋಪವೇನೂ ಇಲ್ಲದೆ, "ಆಗ, ನಿದ್ದೆ ಬತ್ತಿದ್ದಾಗ, ನಂಗೂ ಆಸೆ ಇತ್ತು ಕಣಣ್ಣ," ಅಂದಳು.

ಬಸ್ಸು ಬಂಡೀಪುರದ ಕಡೆಗೆ ಹೊರಟಿತು. ಅದು ಹೋಗಲೆಂದು ಒಂದು ಕ್ಷಣ ಪಕ್ಕಕ್ಕೆ ನಿಂತೆ. ತಿರುಗುವಷ್ಟರಲ್ಲಿ ಅವಳು ರಸ್ತೆ ದಾಟಿ, ಪೊಟ್ಟಣವನ್ನು ಬೇರೆ ಯಾರದೋ ಸಾಮಾನಿನಂತೆ ಮೈಯಿಂದ ದೂರ ಹಿಡಿದು, ಮನೆಯ ಕಡೆ ಹೋಗುತ್ತಿದ್ದಳು.