ಬುಟ್ಟಿಯೊಳಗೆ ಹೋಗದ ಕೋಳಿ

ಶಿವಾಜಿನಗರದ ನಮ್ಮ ಪುಟ್ಟ ಶಾಲೆಯನ್ನು ಪೂರ್ತಿ ಇಂಗ್ಲಿಷ್ ಮಾಧ್ಯಮ ಮಾಡುವುದೆಂದು ಆಡಳಿತ ಮಂಡಳಿಯವರು ತೀರ್ಮಾನಿಸಿದ ವರ್ಷ ನಾನು ಒಂದನೇ ತರಗತಿಗೆ ಪಾಠ ಮಾಡುತ್ತಿದ್ದೆ. ಬೇಸಿಗೆ ರಜೆಗೆ ಮುಂಚೆ ಮಕ್ಕಳಿಗೆ ಒಂದು ಪರೀಕ್ಷೆ. ಅದರಲ್ಲಿ ಗೆಲ್ಲದ ಮಕ್ಕಳ ಹೆತ್ತವರಿಗೆ ಬೇರೆ ಶಾಲೆ ನೋಡಿಕೊಳ್ಳಲು ಹೇಳಬೇಕು. ಹೇಳಬೇಕಾದವಳು ನಾನೇ.

ಮಕ್ಕಳು ಎಡವುತ್ತಿದ್ದದ್ದು ದೊಡ್ಡ ಪದಗಳಲ್ಲಲ್ಲ. ಎಲಿಫೆಂಟ್, ಅಂಬ್ರೆಲಾ ಎಲ್ಲ ನಾಲಿಗೆಯ ತುದಿಯಲ್ಲಿದ್ದವು. ಇನ್, ಆನ್, ಅಂಡರ್, ಬಿಹೈಂಡ್ ಎಂಬ ಚೋಟುದ್ದದ ಪದಗಳೇ ಕಾಡುತ್ತಿದ್ದವು. ಅವರ ಮನೆಗಳಲ್ಲಿ ಆಡುತ್ತಿದ್ದದ್ದು ದಖ್ಖನಿ ಉರ್ದು, ತಮಿಳು, ಕನ್ನಡ. ಮೂರರಲ್ಲೂ ವಸ್ತುವಿನ ಹೆಸರು ಮೊದಲು, ಮೇಲೆ ಕೆಳಗೆ ಎನ್ನುವುದು ಆಮೇಲೆ. ಹಾಗಾಗಿ ಮಕ್ಕಳೆಲ್ಲ ಒಂದೇ ದನಿಯಲ್ಲಿ ‘ಟೇಬಲ್ ಆನ್’ ಎನ್ನುತ್ತಿದ್ದರು. ತಿದ್ದಿದರೆ, ನನ್ನ ಮನಸ್ಸು ನೋಯಿಸಬಾರದೆಂದೋ ಏನೋ, ‘ಆನ್ ಟೇಬಲ್ ಆನ್’ ಎನ್ನುತ್ತಿದ್ದರು. ಕನ್ನಡ ಮಾಧ್ಯಮದಲ್ಲಿ ಓದಿದ ನನಗೂ ಅಷ್ಟೇನೂ ಧೈರ್ಯವಿರಲಿಲ್ಲ. ಕೆ.ಆರ್. ಪುರದಿಂದ ಬರುವಾಗ ಕಿಕ್ಕಿರಿದ ಬಸ್ಸಿನಲ್ಲಿ ನೇತಾಡುತ್ತಾ, ನಾನೀಗ ಇರುವುದು ‘ಇನ್ ದ ಬಸ್’ಓ ‘ಆನ್ ದ ಬಸ್’ಓ ಎಂದು ಯೋಚಿಸಿ ಬೆವರುತ್ತಿದ್ದೆ.

ಕಡೆಗೊಂದು ಪದ್ಯ ಕಟ್ಟಿದೆ. ಕಪ್ಪು ಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಒಂದು ಕೋಳಿ, ಒಂದು ಬುಟ್ಟಿ ಬರೆದೆ.

ಬುಟ್ಟಿ ಮೇಲೆ ಕೂತಿತು ಕೋಳಿ ಹಾರಿ, ಆನ್!
ಬುಟ್ಟಿ ಒಳಗೆ ಹೋಯಿತು ಕೋಳಿ ತೂರಿ, ಇನ್!
ಬುಟ್ಟಿ ಕೆಳಗೆ ಅವಿತಿತು ಕೋಳಿ ಜಾರಿ, ಅಂಡರ್!

ತರಗತಿ ಎದ್ದು ಕುಣಿಯಿತು. ‘ಅಂಡರ್’ ಬಂದಾಗ ಹುಡುಗರು ನಿಜವಾಗಿಯೂ ಬೆಂಚಿನ ಕೆಳಗೆ ನುಸುಳುತ್ತಿದ್ದರು. ವಾರ ಕಳೆಯುವುದರೊಳಗೆ ಮುಕ್ಕಾಲು ಪಾಲು ಮಕ್ಕಳಿಗೆ ಕೋಳಿ ಎಲ್ಲಿದೆಯೆಂದು ಹೇಳಲು ಬಂತು.

ಒಬ್ಬಳಿಗೆ ಮಾತ್ರ ಬರಲಿಲ್ಲ. ಕಿಟಕಿಯಿಂದ ದೂರ, ಗೋಡೆಗಂಟಿ ಕೂರುತ್ತಿದ್ದ ತೆಳ್ಳನೆಯ ಹುಡುಗಿ. ತರಗತಿಯಲ್ಲಿ ಅವಳ ದನಿ ಕೇಳಿದವರೇ ಕಡಿಮೆ. ಅವಳ ಅಕ್ಕ ನಮ್ಮಲ್ಲೇ ನಾಲ್ಕನೇ ತರಗತಿ, ಇಂಗ್ಲಿಷಿನಲ್ಲಿ ಚುರುಕು. ಇಬ್ಬರೂ ಕೈಕೈ ಹಿಡಿದು ಬರುತ್ತಿದ್ದರು. ರಟ್ಟಿನ ಕೋಳಿಯೊಂದನ್ನು ಕತ್ತರಿಸಿ ಅವಳ ಕೈಗಿಟ್ಟು, ಬುಟ್ಟಿಯೊಳಗೆ ಹಾಕು ಎಂದೆ. ಅವಳು ಕೋಳಿಯನ್ನು ಎದೆಗವಚಿಕೊಂಡು ಅಳತೊಡಗಿದಳು.

“ಯಾಕೆ ಪುಟ್ಟಿ?”

ಪಕ್ಕದ ಹುಡುಗಿಯೇ ಹೇಳಿದಳು: “ಮಿಸ್, ಅವ್ಳ ಮನೆ ಮುಂದೆ ಕೋಳಿ ಅಂಗ್ಡಿ. ಬುಟ್ಟೀಲಿ ಹಾಕಿದ್ರೆ ಕಟ್ ಮಾಡ್ತಾರೆ.”

ಆ ಸಂಜೆ ಅವಳ ಮನೆಗೆ ಹೋದೆ. ಒಂದೇ ಕೋಣೆ. ಮನೆಮಾತು ದಖ್ಖನಿ. ತಾಯಿ ಹೊಲಿಗೆ ಯಂತ್ರದಿಂದ ಎದ್ದು ನನಗೆ ಸ್ಟೂಲು ಕೊಟ್ಟರು. ಪರೀಕ್ಷೆಯ ಸುದ್ದಿ ಅವರಿಗಾಗಲೇ ತಲುಪಿತ್ತು.

“ಟೀಚರ್, ಏನಾದ್ರೂ ಮಾಡಿ. ಅಕ್ಕ ಇಲ್ದೆ ಇವ್ಳು ರೋಡ್ ಕೂಡ ದಾಟಲ್ಲ. ಒಬ್ಬಳ್ನೇ ಬೇರೆ ಸ್ಕೂಲಿಗೆ ಹೆಂಗ್ ಕಳಿಸ್ಲಿ?”

ಏನೂ ಆಗಲ್ಲ, ನಾನಿದ್ದೀನಲ್ಲ ಎಂದುಬಿಟ್ಟೆ. ಆ ಮಾತಿಗೆ ನನ್ನಲ್ಲಿ ಯಾವ ಆಧಾರವೂ ಇರಲಿಲ್ಲ.

ಮರುದಿನದಿಂದ ಕೋಳಿಯನ್ನು ಬಿಟ್ಟೆ. ಊಟದ ಬಿಡುವಿನಲ್ಲಿ ಅವಳನ್ನು ಕೂರಿಸಿಕೊಂಡು ಅವಳ ಮನೆಯನ್ನೇ ಬರೆದೆ. ಮಂಚದ ಮೇಲೆ ಅಜ್ಜಿ. ಬಾಗಿಲ ಹಿಂದೆ ಅಪ್ಪನ ಅಂಗಿ. ಮಂಚದ ಕೆಳಗೆ ಖಾಲಿ ಜಾಗ. ಅಲ್ಲಿ ಯಾರು ಎಂದು ಕೇಳಿದೆ. ಸೀಮೆಸುಣ್ಣ ಕಿತ್ತುಕೊಂಡು ಎರಡು ಪುಟ್ಟ ತಲೆಗಳನ್ನು ಬರೆದಳು. ಅಕ್ಕ ತಂಗಿ ಮಲಗುವುದು ಅಲ್ಲಿ. ನನ್ನ ಕಿವಿಯ ಹತ್ತಿರ ಬಂದು, “ಅಂಡರ್” ಎಂದು ಪಿಸುಗುಟ್ಟಿದಳು. ನನಗೆ ಕಣ್ಣೀರೇ ಬಂತು. ಉಳಿದಿದ್ದ ದಿನಗಳಲ್ಲೆಲ್ಲ ಹುಚ್ಚಿಯ ಹಾಗೆ ಬರೆದೆ: ಅಜ್ಜಿ ಮಂಚದ ಮೇಲೆ, ಅಜ್ಜಿಯ ಕನ್ನಡಕ ಡಬ್ಬಿಯ ಒಳಗೆ, ಬೆಕ್ಕು ಅಮ್ಮನ ಯಂತ್ರದ ಹಿಂದೆ. ಕೆಲವು ದಿನ ಎಲ್ಲವನ್ನೂ ಹೇಳುತ್ತಿದ್ದಳು. ಕೆಲವು ದಿನ ಒಂದನ್ನೂ ಹೇಳದೆ ನನ್ನ ಸೆರಗಿನ ಅಂಚನ್ನು ಸುತ್ತುತ್ತಾ ನಿಲ್ಲುತ್ತಿದ್ದಳು.

ಪರೀಕ್ಷೆ ಮಾಡಲು ಆಡಳಿತ ಮಂಡಳಿ ಹೊರಗಿನಿಂದ ಒಬ್ಬ ಮೇಡಂ ಅವರನ್ನು ಕರೆಸಿತ್ತು. ಒಳ್ಳೆಯ ಹೆಂಗಸೇ, ಮಕ್ಕಳಿಗೆ ಚಾಕೊಲೇಟ್ ತಂದಿದ್ದರು. ನನ್ನನ್ನು ಬಾಗಿಲ ಬಳಿ ನಿಲ್ಲಲು ಬಿಟ್ಟರು, ಬಾಯಿ ತೆರೆಯಬಾರದೆಂದರು. ಹುಡುಗಿಯ ಕೈಗೆ ಚೆಂಡು ಕೊಟ್ಟು, ಇದನ್ನು ಕುರ್ಚಿಯ ಕೆಳಗಿಡು ಎಂದು ಇಂಗ್ಲಿಷಿನಲ್ಲಿ ಹೇಳಿದರು.

ಹುಡುಗಿ ನನ್ನತ್ತ ನೋಡಿದಳು. ಚೆಂಡು ಹಿಡಿದು ತಾನೇ ಕುರ್ಚಿಯ ಕೆಳಗೆ ನುಸುಳಿದಳು. ಅಲ್ಲೇ ಮೊಣಕಾಲು ತಬ್ಬಿ ಕುಳಿತಳು. ಕರೆದರೆ ಬರಲಿಲ್ಲ. ಮುಂದಿನ ಪ್ರಶ್ನೆಗಳನ್ನು ಮೇಡಂ ಬಗ್ಗಿ ಬಗ್ಗಿ ಕೇಳಿದರು. ಉತ್ತರವಿಲ್ಲ.

“ಮೇಡಂ, ಅಂಡರ್ ಅಂದ್ರೆ ಅವ್ಳಿಗೆ ಗೊತ್ತು. ನೋಡಿ, ಚೆಂಡು ಕೆಳಗೇ ಇದೆ!” ತಡೆಯಲಾರದೆ ಕೂಗಿದೆ.

“ಚೆಂಡು ಇದೆ ರೀ. ಮಗು ಆಚೆ ಬರ್ಬೇಕಲ್ಲ?”

ಆಮೇಲೆ ಮುಖ್ಯೋಪಾಧ್ಯಾಯರ ಕೋಣೆಗೆ ಹೋಗಿ ಬೇಡಿಕೊಂಡೆ. ಇನ್ನೊಂದು ಸಲ ಕೇಳಿ ನೋಡಿ, ನಾನು ಪಕ್ಕದಲ್ಲಿ ಕೂರ್ತೀನಿ, ರಜೆಯಲ್ಲೂ ಬಂದು ಕಲಿಸ್ತೀನಿ ಎಂದೆ. ಅವರು ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. “ನೀವು ಅತ್ತರೆ ನಾನೇನ್ ಮಾಡ್ಲಮ್ಮಾ? ನನ್ನ ಕೈಲಿ ಏನಿದೆ?” ಎಂದರು. ಅವರ ಕೈಯಲ್ಲಿ ನಿಜವಾಗಿಯೂ ಏನೂ ಇರಲಿಲ್ಲ.

ತಾಯಿಗೆ ವಿಷಯ ಹೇಳುವಾಗ ನನಗೆ ತಲೆ ಎತ್ತಲಾಗಲಿಲ್ಲ. ಅವರು ಬೈಯಲಿಲ್ಲ. “ಪರ್ವಾಗಿಲ್ಲ ಟೀಚರ್, ನೀವು ಬಹಳ ಕಷ್ಟಪಟ್ರಿ” ಎಂದರು. ಬೈದಿದ್ದರೆ ಹಗುರವಾಗುತ್ತಿತ್ತು.

ಜೂನ್‌ನಲ್ಲಿ ಅವಳನ್ನು ಎರಡು ಬೀದಿ ಆಚೆಗಿನ ಉರ್ದು ಶಾಲೆಗೆ ಸೇರಿಸಿದರು. ಮೊದಲ ದಿನ ನಾನೂ ಜೊತೆಗೆ ಹೋದೆ. ದಾರಿಯುದ್ದಕ್ಕೂ ಅವಳು ನನ್ನ ಬೆರಳು ಬಿಡಲಿಲ್ಲ. ಅಲ್ಲಿಯ ಟೀಚರ್ ವಯಸ್ಸಾದವರು. ಬಗ್ಗಿ, ಎಲ್ಲಿ ಕೂರ್ತೀಯಾ ಮಗಳೇ ಎಂದು ದಖ್ಖನಿಯಲ್ಲಿ ಕೇಳಿದರು.

“ಖಿಡ್ಕೀ ಕೆ ಬಾಜೂ” ಎಂದಳು ಹುಡುಗಿ. ಕಿಟಕಿಯ ಪಕ್ಕ. ಇಡೀ ಕೋಣೆಗೆ ಕೇಳುವಂತೆ.

ವರ್ಷವಿಡೀ ನಾನು ಕೇಳದ ದನಿ ಅದು. ಸಂತೋಷಪಡಬೇಕಿತ್ತು. ಪಡಲಾಗಲಿಲ್ಲ. ಶಾಲೆಗೆ ಹಿಂತಿರುಗಿದಾಗ ಅವಳ ಅಕ್ಕ ಗೇಟಿನ ಬಳಿ ಒಬ್ಬಳೇ ನಿಂತಿದ್ದಳು. ತಂಗಿ ಅತ್ತಳಾ ಎಂದು ಕೇಳಿದಳು. ಇಲ್ಲ ಎಂದೆ. ಅದಕ್ಕೆ ಅವಳೇ ಅಳತೊಡಗಿದಳು. ಅವಳನ್ನು ಒಳಗೆ ಕರೆದುಕೊಂಡು ಹೋದೆ.